ಅಕ್ಕ ಹೊಳೆ ದಾಟಿದ ಸೋಮವಾರ

ಅಕ್ಕನಿಗೂ ಜಡೆಗೂ ಒಂದೇ ದಿನ, ಒಂದೇ ಕಟಕಟೆಯಲ್ಲಿ, ಒಂದೇ ಶಿಕ್ಷೆಯಾಯಿತು.

ಜಡೆ ಎಂದರೆ ಅಕ್ಕನ ಗೆಳತಿ. ಸೊಂಟ ದಾಟಿ ಇಳಿಯುವ ಕೂದಲಿತ್ತು, ಹಾಗಾಗಿ ಬ್ರೆಡ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅವಳು ಮುಂದಿನ ಕೋಣೆಯಲ್ಲಿ ಬಿಲ್ಲು ಬರೆಯುತ್ತಿದ್ದಳು, ಅಕ್ಕ ಹಿಂದಿನ ಶೆಡ್ಡಿನಲ್ಲಿ ಬ್ರೆಡ್ ಪ್ಯಾಕ್ ಮಾಡುತ್ತಿದ್ದಳು. ಊಟದ ಹೊತ್ತಿಗೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂರುವವರು. ಒಂದು ಮಧ್ಯಾಹ್ನ ಡ್ರೈವರ್ ವ್ಯಾನಿನಲ್ಲೇ ಕೀಲಿ ಬಿಟ್ಟು ಹೋಗಿದ್ದ. "ಒಂದು ಸುತ್ತು ಹೋಗ್ಬರೋಣ ಬಾರೇ" ಎಂದವಳು ಜಡೆ. ಸ್ಟಿಯರಿಂಗ್ ಹಿಡಿದವಳು ಅಕ್ಕ. ಕಿಟಕಿ ಇಳಿಸಿ, ಗಂಟಲು ಹರಿಯುವಂತೆ ಹಾಡಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಸುತ್ತಿ ಬಂದರು. ವಾಪಸು ಗೇಟಿನೊಳಗೆ ತಿರುಗಿಸುವಾಗ ಅಕ್ಕನ ಕಾಲು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯಿತು. ಸ್ಟೂಲಿನ ಮೇಲೆ ಕೂತಿದ್ದ ವಾಚ್‌ಮನ್ ತಾತನ ಕಾಲು ಮುರಿಯಿತು.

ಅಕ್ಕ ಎಂದೂ ಅದಕ್ಕೆ ನೆಪ ಹೇಳಲಿಲ್ಲ. "ಆ ತಾತನ ಕಾಲು ಮುರಿದಿದ್ದು ನಾನೇ ಕಣೇ. ಅದರಲ್ಲಿ ಇನ್ನೇನು ಮಾತಿದೆ?" ಎನ್ನುತ್ತಿದ್ದಳು.

ನ್ಯಾಯಾಧೀಶರು ಇಬ್ಬರಿಗೂ ಜೈಲು ಬೇಡ ಎಂದರು. ಬದಲಿಗೆ ಒಂದು ವರ್ಷದ ಪ್ರೊಬೇಷನ್. ಅಂದರೆ ಹೊರಗೇ ಇರಬಹುದು, ಆದರೆ ಹೇಳಿದ ಹಾಗೆ ಇರಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಪ್ರೊಬೇಷನ್ ಅಧಿಕಾರಿಯ ಎದುರು ನಿಲ್ಲಬೇಕು. ಖಾಯಂ ವಿಳಾಸವಿರಬೇಕು, ಕೈಯಲ್ಲೊಂದು ಕೆಲಸವಿರಬೇಕು. ಜೈಲು ಕಂಡವರ ಜೊತೆ ಒಂದೇ ಸೂರಿನಡಿ ಇರಬಾರದು. ಅಕ್ಕ, ಜಡೆ ಇಬ್ಬರೂ ಭೇಟಿಯಾಗಕೂಡದು. ಮೂರು ಸಲ ಹಾಜರಿ ತಪ್ಪಿದರೆ ಮತ್ತೆ ಕಟಕಟೆ, ಅಲ್ಲಿಂದ ಸೀದಾ ಜೈಲು. ಅಮ್ಮ ಸಂತೋಷಕ್ಕೆ ಅತ್ತಳು. ಗೆದ್ದೆವು ಎಂದುಕೊಂಡೇ ನಾವು ಮನೆಗೆ ಬಂದೆವು.

ಜಡೆಯ ಮನೆ ಇದ್ದದ್ದು ಪ್ರೊಬೇಷನ್ ಕಚೇರಿಯ ಹಿಂದಿನ ಬೀದಿಯಲ್ಲಿ. ಅವಳ ಅಪ್ಪನಿಗೆ ಪುಸ್ತಕದಂಗಡಿಯಿತ್ತು, ಮರುದಿನವೇ ಮಗಳನ್ನು ಅಲ್ಲಿ ಕೂರಿಸಿದರು. ಸೋಮವಾರ ಚಪ್ಪಲಿ ಮೆಟ್ಟಿ ಹೋಗಿ, ಕಾಫಿ ಆರುವ ಮುಂಚೆ ಮನೆಗೆ ಬರುತ್ತಿದ್ದಳಂತೆ.

ನಾವಿದ್ದದ್ದು ಹೊಳೆಯ ಈಚೆ ದಡದಲ್ಲಿ, ಇಟ್ಟಿಗೆ ಗೂಡುಗಳ ಬಳಿ. ಬ್ರೆಡ್ ಕಾರ್ಖಾನೆಯವರು ಅಕ್ಕನನ್ನು ತೆಗೆದುಹಾಕಿದರು. ಅದರ ಬೆನ್ನಿಗೇ ಮನೆಯ ಓನರ್ ಬಾಗಿಲಲ್ಲಿ ನಿಂತು, "ಪೊಲೀಸ್ ಬಂದ ಮನೆ ಅಂತ ಹೆಸರಾಗೋಯ್ತು, ಬೇರೆ ಕಡೆ ನೋಡ್ಕೊಳ್ಳಿ" ಎಂದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಪಾತ್ರೆ, ಹಾಸಿಗೆ, ಉಸಿರಾಟದ ತೊಂದರೆಯ ಅಮ್ಮ, ಎಲ್ಲವನ್ನೂ ತಳ್ಳುಗಾಡಿಯಲ್ಲಿ ಹಾಕಿಕೊಂಡು ತೀರಿಹೋದ ದೊಡ್ಡಪ್ಪನ ಮನೆಗೆ ಹೋದೆವು. ಅಲ್ಲಿ ದೊಡ್ಡಪ್ಪನ ಮಗ ಒಬ್ಬನೇ ಇದ್ದ. ಸೇತುವೆ, ಟ್ಯಾಂಕು, ಗೋಪುರ ಎಂದು ಎತ್ತರದ ಜಾಗಗಳಿಗೆ ಬಣ್ಣ ಹೊಡೆಯುವವನು. ನಮಗೆಲ್ಲ ಅವನು ಬಣ್ಣದಣ್ಣ. ತೊಡಕೆಂದರೆ ಅವನು ಜೈಲಿನಿಂದ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ.

ವಿಷಯ ಕೇಳಿದವನೇ ಬಣ್ಣದಣ್ಣ ತನ್ನ ಹಾಸಿಗೆ ಸುತ್ತತೊಡಗಿದ.

"ಇದೇನಣ್ಣ, ನಿನ್ನ ಮನೆಯಿಂದ ನಿನ್ನನ್ನೇ ಹೊರಗೆ ಹಾಕೋದಾ?" ಎಂದಳು ಅಕ್ಕ.

"ಗೂಡಿನ ಪಕ್ಕ ಶೆಡ್ಡಿದೆ, ಬೆಚ್ಚಗಿರುತ್ತೆ. ನೋಡಮ್ಮ, ನನಗೂ ಮೊದಲು ಇದೇ ಪ್ರೊಬೇಷನ್ ಕೊಟ್ಟಿದ್ರು. ವಿಳಾಸ ಕೊಡು ಅಂದ್ರು. ಆಗ ಅಪ್ಪ ಬಾಗಿಲು ಹಾಕ್ಬಿಟ್ಟಿದ್ದ. ವಿಳಾಸ ಇಲ್ದೋನಿಗೆ ಕೆಲಸ ಯಾರು ಕೊಡ್ತಾರೆ? ಕೆಲಸ ಇಲ್ದೋನಿಗೆ ಮನೆ ಯಾರು ಕೊಡ್ತಾರೆ? ನಾಯಿ ತನ್ನ ಬಾಲ ಹಿಡಿಯೋಕೆ ತಿರುಗುತ್ತಲ್ಲ, ಹಾಗೆ ತಿರುಗಿ ತಿರುಗಿ ಸುಸ್ತಾಗಿ ಕೂತೆ. ಬಂದು ಎತ್ಕೊಂಡು ಹೋದ್ರು. ನಿನಗೆ ಹಾಗಾಗೋದು ಬೇಡ."

ಹಾಸಿಗೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಅಮ್ಮ ಅವನ ಪಾಲಿನ ಊಟವನ್ನು ದಿನಾ ಶೆಡ್ಡಿಗೇ ಕಳಿಸುತ್ತಿದ್ದಳು.

ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನೂ ಅಲ್ಲೇ ಇಸ್ತ್ರಿ ವಿಭಾಗದಲ್ಲಿದ್ದೆ. ಆಳೆತ್ತರದ ತಿರುಗುವ ಡ್ರಮ್ಮುಗಳು, ಎದುರಿನವರ ಮುಖವೇ ಕಾಣದಷ್ಟು ಹಬೆ, ಸೋಪು ಮತ್ತು ಔಷಧಿಯ ಘಾಟು. ಭಾನುವಾರ ಯಂತ್ರಗಳಿಗೆ ರಜೆ, ಹಾಗಾಗಿ ಸೋಮವಾರ ಬೆಳಿಗ್ಗೆ ಚಾದರಗಳ ಗುಡ್ಡವೇ ಬಂದು ಬೀಳುತ್ತಿತ್ತು. ಆ ಬೆಳಿಗ್ಗೆಗೇ ಅಕ್ಕನಿಗೆ ರಜೆ ಬೇಕು. ಕಾರಣ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹಾಜರಿ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ನೊಗಕ್ಕೆ ಅಕ್ಕನ ಕತ್ತು ಸಿಕ್ಕಿತ್ತು.

ಅವಳು ಮೇಲ್ವಿಚಾರಕಿಯ ಮುಂದೆ ನಿಂತು, "ಮೇಡಂ, ಆಪರೇಷನ್ ಕೋಣೆಯ ಬಟ್ಟೆ ವಾರಪೂರ್ತಿ ನಾನೊಬ್ಬಳೇ ಜಾಲಿಸ್ತೀನಿ. ಸೋಮವಾರ ಮಾತ್ರ ಮಧ್ಯಾಹ್ನ ಬರ್ತೀನಿ, ಯಾಕೆ ಅಂತ ಕೇಳ್ಬೇಡಿ" ಎಂದಳು. ಆ ಬಟ್ಟೆಯನ್ನು ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಹೆಪ್ಪುಗಟ್ಟಿದ ರಕ್ತ, ಇನ್ನೂ ಏನೇನೋ. ಮೇಲ್ವಿಚಾರಕಿ ಕೇಳಲಿಲ್ಲ. ಅಂದಿನಿಂದ ಅಕ್ಕ ಮೊಣಕೈವರೆಗೆ ರಬ್ಬರ್ ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ತಣ್ಣೀರಿನ ತೊಟ್ಟಿಯ ಮುಂದೆ ನಿಂತಳು. ಮನೆಗೆ ಬಂದು ಊಟದ ತಟ್ಟೆಯನ್ನು ನೋಡಿ, "ಇವತ್ತು ಹಸಿವಿಲ್ಲ ಕಣಮ್ಮ" ಎನ್ನುವ ದಿನಗಳೇ ಹೆಚ್ಚಾಗಿದ್ದವು. ಆದರೂ ಸೋಮವಾರ ಸೂರ್ಯ ಹುಟ್ಟುವ ಮೊದಲು ಎದ್ದು, ಮೊದಲ ಬಸ್ಸು ಹಿಡಿದು ಸೇತುವೆ ದಾಟಿ, ಮಾರುಕಟ್ಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಹೋಗುತ್ತಿದ್ದಳು.

ಎರಡು ಸಲ ತಪ್ಪಿತು. ಒಮ್ಮೆ ಸೇತುವೆಯ ಮೇಲೆ ಲಾರಿ ಅಡ್ಡಬಿದ್ದು ಬಸ್ಸು ನಿಂತಿತು. ಇನ್ನೊಮ್ಮೆ ಬೆಳಗಿನ ಜಾವ ಅಮ್ಮನಿಗೆ ಉಸಿರು ಸಿಗದೆ ತುಟಿ ನೀಲಿಯಾಯಿತು, ಅಕ್ಕ ಅವಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದಳು. ಪ್ರೊಬೇಷನ್ ಅಧಿಕಾರಿ ಕೆಟ್ಟವರೇನಲ್ಲ, ಆದರೆ ನಿಯಮದ ಮನುಷ್ಯ. "ಎಲ್ರೂ ಒಂದೊಂದು ಕಾರಣ ಹೇಳ್ತಾರೆ. ಡಾಕ್ಟರ ಚೀಟಿ ಇದ್ರೆ ತಾ, ಇಲ್ದಿದ್ರೆ ತಪ್ಪಿದ ಹಾಗೇ ಲೆಕ್ಕ" ಎಂದರು. ತುರ್ತು ವಾರ್ಡಿನ ಗದ್ದಲದಲ್ಲಿ ಅಕ್ಕನಿಗೆ ಚೀಟಿ ಬರೆಸಿಕೊಳ್ಳುವುದು ಹೊಳೆದಿರಲಿಲ್ಲ.

ವರ್ಷ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಆಗ ಹೊಳೆ ಬಂತು.

ಮೇಲಿನ ಊರುಗಳಲ್ಲಿ ವಾರವಿಡೀ ಮಳೆ. ಶುಕ್ರವಾರ ಕರೆಂಟು ಹೋಯಿತು. ಭಾನುವಾರ ಸಂಜೆ ಸೇತುವೆಯ ಎರಡೂ ತುದಿಗೆ ಪೊಲೀಸರು ಅಡ್ಡಗಟ್ಟೆ ಹಾಕಿದರು. ಸೋಮವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಹೊರಡಲು ಸಿದ್ಧಳಾಗಿ, ಚೂಡಿದಾರದ ಕಾಲು ಮಡಿಸಿ ಹಗ್ಗದಿಂದ ಬಿಗಿಯುತ್ತಿದ್ದಳು.

"ಹುಚ್ಚಾ ನಿನಗೆ? ಹೊಳೆ ಬಂದಿರೋದು ಅವರಿಗೂ ಕಾಣಲ್ವಾ?" ಎಂದು ಅಮ್ಮ ಅವಳ ತೋಳು ಹಿಡಿದಳು.

"ನಿನ್ನ ತುಟಿ ನೀಲಿಯಾಗಿದ್ದು ಅವರಿಗೆ ಕಾಣ್ತಾ ಅಮ್ಮ? ಚೀಟಿ ತಾ ಅಂದ್ರು. ಹೊಳೆಗೆ ಯಾರು ಚೀಟಿ ಬರ್ಕೊಡ್ತಾರೆ?"

ಅಮ್ಮನ ಕೈ ಸಡಿಲವಾಯಿತು.

ನಾನೂ ಅಕ್ಕನ ಹಿಂದೆ ಓಡಿದೆ. ಅವಳು ಸೇತುವೆಯ ಕಡೆ ಹೋಗಲಿಲ್ಲ, ಗೂಡಿನ ಶೆಡ್ಡಿಗೆ ಹೋಗಿ ಬಣ್ಣದಣ್ಣನನ್ನು ಎಬ್ಬಿಸಿದಳು. "ಅಣ್ಣ, ನೀನು ನೀರಿನ ಪೈಪಿಗೆ ಬಣ್ಣ ಹೊಡೆದಿದ್ದೆಯಲ್ಲ. ಅದರ ಮೇಲೆ ಹೇಗೆ ನಡೀಬೇಕು ಹೇಳಿಕೊಡು."

ಅವನು ಅವಳ ಮುಖವನ್ನೇ ನೋಡಿದ. ಬೇಡ ಎನ್ನುತ್ತಾನೆಂದು ನಾನು ಕಾದೆ. ಅವನು ಅನ್ನಲಿಲ್ಲ. ಹಾಜರಿ ತಪ್ಪಿದವನಿಗೆ ಏನಾಗುತ್ತದೆಂದು ನಮ್ಮಲ್ಲಿ ಅವನೊಬ್ಬನಿಗೇ ಗೊತ್ತಿತ್ತು. "ನಾನೂ ಬರ್ತೀನಿ" ಎಂದ.

"ನೀನು ಪೈಪಿನ ಬೀಗ ಹಾಕಿದ ಗೇಟು ಹಾರಿದ್ದು ಗೊತ್ತಾದ್ರೆ ನಿನ್ನನ್ನ ಸುಮ್ನೆ ಬಿಡ್ತಾರಾ? ದಡದ ತನಕ ಬಾ, ಸಾಕು."

ಪಟ್ಟಣಕ್ಕೆ ಕುಡಿಯುವ ನೀರು ಒಯ್ಯುವ ಆ ಕೊಳವೆ ಹೊಳೆಯನ್ನು ಅಡ್ಡಲಾಗಿ ದಾಟುತ್ತದೆ. ಅದನ್ನು ಸಾಲು ಕಾಂಕ್ರೀಟ್ ಕಂಬಗಳು ಹೊತ್ತಿವೆ. ಕೊಳವೆಯ ನೆತ್ತಿಯ ಮೇಲೆ ಕೆಲಸದವರು ಓಡಾಡಲೆಂದು ಒಂದೇ ಒಂದು ಪಾದದಗಲದ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಹಿಡಿದುಕೊಳ್ಳಲು ತುಕ್ಕು ತಿಂದ ತಂತಿ. ಎರಡೂ ದಡದಲ್ಲಿ ಬೀಗ ಹಾಕಿದ ಗೇಟು. ಎಂದಿನ ದಿನಗಳಲ್ಲಿ ಅದು ನೀರಿಗಿಂತ ಎರಡಾಳು ಮೇಲಿರುತ್ತದೆ. ಅಂದು ಹೊಳೆ ಅದರ ಹೊಟ್ಟೆಯನ್ನು ನೆಕ್ಕುತ್ತಿತ್ತು.

ಅಂಥ ನೀರನ್ನು ನಾನು ಹಿಂದೆ ನೋಡಿರಲಿಲ್ಲ. ಕೆಂಪು ಮಣ್ಣಿನ ಒಂದಿಡೀ ಬಯಲು ಕಿತ್ತುಕೊಂಡು ಹೊರಟಂತಿತ್ತು. ಬೇರು ಮೇಲಾದ ಮರಗಳು, ಒಂದು ಮನೆಯ ತಗಡಿನ ಮಾಡು, ಎಲ್ಲಿಂದಲೋ ಬಂದ ಬಾಗಿಲು, ಎಲ್ಲವೂ ತೇಲಿಹೋಗುತ್ತಿದ್ದವು. ನಾವು ನಿಂತ ನೆಲ ಪಾದದಡಿ ಗುಂಯ್‌ಗುಡುತ್ತಿತ್ತು. ಮಾತು ಕೇಳಿಸದು, ಕಿವಿಗೆ ಬಾಯಿಟ್ಟೇ ಕೂಗಬೇಕು.

"ನೀರು ನೋಡ್ಬೇಡ!" ಬಣ್ಣದಣ್ಣ ಅವಳ ಕಿವಿಯಲ್ಲಿ ಕೂಗಿದ. "ನೀರು ನೋಡಿದ್ರೆ ನೀನೇ ಹರೀತಿದ್ದೀಯ ಅನ್ಸುತ್ತೆ. ಮುಂದಿನ ಕಂಬ ನೋಡು. ಅದು ಬಂದ್ಮೇಲೆ ಅದರ ಮುಂದಿಂದು. ತಂತಿಗೆ ಭಾರ ಬಿಡ್ಬೇಡ. ಜಾಲರಿ ಇಲ್ದಿರೋ ಕಡೆ ಕುದುರೆ ಮೇಲೆ ಕೂತ ಹಾಗೆ ಕೂತ್ಕೊಂಡು ಹೋಗು!"

ಅಕ್ಕ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಗೇಟು ಹತ್ತಿ ಆಚೆ ಇಳಿದಳು. ಕೊಳವೆಯ ಮೇಲೆ ಒಂದು ಪಾದ ಇಟ್ಟಳು, ಇನ್ನೊಂದನ್ನು ಅದರ ಮುಂದಿಟ್ಟಳು.

ಗೂಡಿನ ಕೆಲಸದವರು ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದೆ ನಿಂತರು. "ಯಾರದು?" ಎಂದು ಒಬ್ಬ ಕೇಳಿದ್ದಷ್ಟೇ ನೆನಪು. ನಡೆಯುತ್ತ ನಡೆಯುತ್ತ ಅಕ್ಕ ಸಣ್ಣದಾದಳು. ಅವಳ ನೀಲಿ ಅಂಗಿ ಒಂದು ಬೆರಳಿನಷ್ಟಾಯಿತು, ಅದರ ಕೆಳಗೆ ಹೊಳೆ ಮಾತ್ರ ಅಷ್ಟೇ ದೊಡ್ಡದಾಗಿತ್ತು. ನಡು ಹೊಳೆಯಲ್ಲಿ ಅವಳು ನಿಂತಳು. ಅಲ್ಲಿ ಜಾಲರಿ ಕಿತ್ತುಹೋಗಿತ್ತೆಂದು ಆಮೇಲೆ ತಿಳಿಯಿತು. ಅವಳು ಮೆಲ್ಲಗೆ ಬಾಗಿ, ಕೊಳವೆಯನ್ನು ತೊಡೆಗಳ ನಡುವೆ ಹಿಡಿದು ಕೂತು, ಕೈಯೂರಿ ಕೈಯೂರಿ ಮುಂದೆ ಸರಿದಳು.

ಆಗಲೇ ಮೇಲಿನಿಂದ ಆ ಮರ ಬಂತು. ಕೊಂಬೆ, ಎಲೆ, ಬೇರಿನ ಮಣ್ಣಿನ ಸಮೇತ ಒಂದು ಮನೆಯಷ್ಟು ಮರ. ಅದು ಬರುವುದನ್ನು ನಾವೆಲ್ಲ ನೋಡಿದೆವು. ಕೂಗಿದರೆ ಅವಳಿಗೆ ಕೇಳಿಸುವ ಹಾಗಿರಲಿಲ್ಲ. ಮರ ಅವಳ ಪಕ್ಕದ ಕಂಬಕ್ಕೆ ಬಡಿಯಿತು. ಇಡೀ ಕೊಳವೆ ಗಂಟೆಯಂತೆ ಮೊಳಗಿತು. ಆ ನಾದ ಕಬ್ಬಿಣದ ಮೂಲಕ ದಡದವರೆಗೂ ಬಂದು, ಗೇಟನ್ನು ಹಿಡಿದಿದ್ದ ನನ್ನ ಬೆರಳುಗಳಲ್ಲಿ ನಡುಗಿತು. ಅಕ್ಕ ಕೊಳವೆಯ ಮೇಲೆ ಬೋರಲು ಮಲಗಿ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. ನೀರು ಅವಳ ಮೇಲೆ ಹಾರಿತು. ಒಂದು ಕ್ಷಣ ನನಗೆ ನೀಲಿ ಬಣ್ಣ ಕಾಣಲಿಲ್ಲ. ಮರ ನಿಧಾನವಾಗಿ ಹೊರಳಿ, ಕಂಬದಿಂದ ಬಿಡಿಸಿಕೊಂಡು, ನೀರಿನೊಳಗೆ ಮುಳುಗಿ ಕೊಳವೆಯ ಅಡಿಯಿಂದ ನುಸುಳಿ ಹೋಯಿತು.

ನೀಲಿ ಅಂಗಿ ಅಲ್ಲೇ ಇತ್ತು. ಅದು ಎದ್ದು ಕೂತಿತು. ಮತ್ತೆ ಸರಿಯತೊಡಗಿತು.

ನನ್ನ ಅಕ್ಕನ ಬಗ್ಗೆ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ಒಂದೇ ಹೊದಿಕೆಯಲ್ಲಿ ಬೆಳೆದವರು ನಾವು. ಅವಳ ಗೊರಕೆ, ಸಿಡುಕು, ಜಿರಲೆ ಕಂಡರೆ ಕುರ್ಚಿ ಹತ್ತುವ ಭಯ, ಎಲ್ಲ ಗೊತ್ತಿತ್ತು. ಆ ಬೆಳಿಗ್ಗೆ ಅಲ್ಲಿ ಹೋಗುತ್ತಿದ್ದವಳು ಯಾರೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಆಚೆ ದಡದ ಗೇಟನ್ನು ಅವಳು ಹತ್ತಿಳಿದು, ಈ ಕಡೆ ತಿರುಗಿ ಕೈಯೆತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಮುದುಕ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಣ್ಣದಣ್ಣ ಕೆಸರಿನಲ್ಲೇ ಕೂತುಬಿಟ್ಟ.

ಹೊಳೆ ಇಳಿದು ಸೇತುವೆ ತೆರೆಯುವವರೆಗೆ ಅಕ್ಕ ಆಚೆಯೇ ಉಳಿದಳು. ಆಮೇಲೆ ಮೊದಲ ಬಸ್ಸಿನಲ್ಲಿ ಬಂದಳು. ಎರಡೂ ಅಂಗೈಗೆ ಬಿಳಿ ಪಟ್ಟಿ, ಮೈಮೇಲೆ ಯಾರದೋ ಒಳ್ಳೆಯ ಬಟ್ಟೆ. ನಮ್ಮ ನಡುವೆ ಕೂತು ಎಲ್ಲ ಹೇಳಿದಳು.

ಬರಿಗಾಲಲ್ಲಿ ಕಚೇರಿ ತಲುಪಿದಾಗ ಕಟ್ಟಡವೆಲ್ಲ ಖಾಲಿ, ಬಾಗಿಲುಗಳಿಗೆ ಬೀಗ. ಮೂರನೆಯ ಮಹಡಿಯಲ್ಲಿ ಒಂದು ಬಾಗಿಲು ಮಾತ್ರ ತೆರೆದಿತ್ತು. ಮನೆಗೆ ನೀರು ನುಗ್ಗಿದ್ದರಿಂದ ಪ್ರೊಬೇಷನ್ ಅಧಿಕಾರಿ ಕಚೇರಿಯಲ್ಲೇ ಬಿಡಾರ ಹೂಡಿದ್ದರು. ಬನಿಯನ್ನಿನಲ್ಲಿ, ಕೆನ್ನೆ ತುಂಬ ಸೋಪಿನ ನೊರೆ ಮೆತ್ತಿಕೊಂಡು, ಅರ್ಧ ಮುಖ ಶೇವ್ ಮಾಡಿ ನಿಂತಿದ್ದರು.

"ಬಂದೆ ಸಾರ್. ಇನ್ನೂ ಹತ್ತಾಗಿಲ್ಲ" ಎಂದಳಂತೆ ಅಕ್ಕ.

"ಇವತ್ತು ಯಾಕೆ ಬಂದೆ? ಯಾರೂ ಬರೋದು ಬೇಡ ಅಂತ ನಿನ್ನೆನೇ ಎಲ್ರಿಗೂ ಫೋನ್ ಮಾಡಿಸಿದ್ದೆನಲ್ಲ!"

"ಶುಕ್ರವಾರದಿಂದ ನಮ್ಮ ಕಡೆ ಕರೆಂಟಿಲ್ಲ ಸಾರ್. ಇರೋ ಒಂದು ಫೋನೂ ಸತ್ತು ಬಿದ್ದಿದೆ."

"ಅಲ್ಲ, ಸೇತುವೆ ಮುಚ್ಚಿದೆ. ನೀನು ಹೇಗೆ ಬಂದೆ?"

"ಸುಳ್ಳು ಹೇಳ್ಬೇಕು ಅನ್ನಿಸ್ತು" ಎಂದಳು ಅಕ್ಕ ನಮಗೆ. "ಬೀಗ ಹಾಕಿದ ಗೇಟು ಹಾರಿದ್ದು ಇನ್ನೊಂದು ತಪ್ಪು ತಾನೇ? ಆದ್ರೆ ಸುಳ್ಳು ಕಟ್ಟೋಕೂ ಒಂದಿಷ್ಟು ಶಕ್ತಿ ಬೇಕು. ನನ್ನ ಹತ್ರ ಅದು ಉಳಿದಿರ್ಲಿಲ್ಲ." ಅವಳು ಕಿಟಕಿಯ ಕಡೆ ಕೈ ತೋರಿಸಿದಳಂತೆ. ಅಲ್ಲಿಂದ ಹೊಳೆ ಕಾಣುತ್ತದೆ, ಕೊಳವೆಯೂ ಕಾಣುತ್ತದೆ.

ಅಧಿಕಾರಿ ಕಿಟಕಿಯ ಬಳಿ ಹೋಗಿ ನಿಂತರು. ಎಷ್ಟು ಹೊತ್ತು ನಿಂತರೆಂದರೆ, ಅವರ ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತು. ಆಮೇಲೆ ರೇಜರನ್ನು ಮೇಜಿನ ಮೇಲಿಟ್ಟು ತಿರುಗಿದರು.

"ಕೂತ್ಕೊಳ್ಳಿ" ಎಂದರು.

ಅಕ್ಕ ಹಿಂದೆ ತಿರುಗಿ ನೋಡಿದಳಂತೆ, ಬೇರೆ ಯಾರಾದರೂ ಬಂದರೇನೋ ಎಂದು. ಅಲ್ಲಿಯವರೆಗೆ ಅವರು ಅವಳಿಗೆ 'ನೀನು' ಬಿಟ್ಟು ಬೇರೆ ಮಾತಾಡಿರಲಿಲ್ಲ. ಆಮೇಲೆ ಎಂದೂ 'ನೀನು' ಅನ್ನಲಿಲ್ಲ.

ಅವರು ಕಿಟಕಿಯ ಪರದೆಯನ್ನು ಕಿತ್ತು ಅವಳಿಗೆ ಹೊದಿಸಿದರು, ಬನಿಯನ್ ಮೇಲೆ ಅಂಗಿ ಹಾಕಿಕೊಂಡು, ಅರ್ಧ ಗಡ್ಡದಲ್ಲೇ ಅವಳನ್ನು ಹಿಂದಿನ ಬೀದಿಗೆ ಕರೆದುಕೊಂಡು ಹೋದರು. "ಇವರಿಬ್ಬರೂ ಸೇರಬಾರದು ಅಂತ ನಿಯಮ ಇದೆ. ಇವತ್ತು ಅದನ್ನ ಮುರೀತಿರೋದು ನಾನು, ಇವರಲ್ಲ" ಎಂದು ಜಡೆಯ ಅಪ್ಪನಿಗೆ ಹೇಳಿ, ಅಕ್ಕನನ್ನು ಅವರ ಮನೆಯಲ್ಲಿ ಬಿಟ್ಟರು.

ಅಕ್ಕನ ಅಂಗೈ ತುಕ್ಕು ತಂತಿಗೆ ಸಿಕ್ಕಿ ಸೀಳಿಹೋಗಿತ್ತು. ಜಡೆ ಬಿಸಿನೀರು ತಂದು ಅದನ್ನು ತೊಳೆಯುತ್ತ, "ನನಗೆ ಭಾನುವಾರ ಫೋನ್ ಬಂತು ಕಣೇ. ಸರಿ ಸಾರ್ ಅಂದೆ. ಬೆಳಿಗ್ಗೆ ಎಚ್ಚರ ಆದಾಗ, ಇವತ್ತು ಹೋಗೋ ಹಾಗಿಲ್ವಲ್ಲ ಅಂತ ಮಗ್ಗುಲು ಬದಲಿಸಿ ಮಲಗಿದೆ. ನೀನು ಆಗ ಆ ಪೈಪಿನ ಮೇಲೆ..." ಎಂದು ಬಿಕ್ಕತೊಡಗಿದಳಂತೆ.

"ಅಳ್ಬೇಡ್ವೇ ಮಾರಾಯ್ತಿ," ಎಂದಳಂತೆ ಅಕ್ಕ, "ಕಣ್ಣೀರಿನ ಉಪ್ಪು ಗಾಯಕ್ಕೆ ಬಿದ್ರೆ ಉರಿಯುತ್ತೆ."

ಇದನ್ನು ಹೇಳಿ ಅಕ್ಕ ನಕ್ಕಳು. ಅಮ್ಮ ನಗಲಿಲ್ಲ. ಪಟ್ಟಿ ಕಟ್ಟಿದ ಆ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಣ್ಣದಣ್ಣ ಬಾಗಿಲ ಹೊರಗೇ ನಿಂತು ಕೇಳುತ್ತಿದ್ದ. ನಿಯಮ ಮುರಿಯಬಾರದೆಂದು ಹೊಸ್ತಿಲು ದಾಟಿರಲಿಲ್ಲ.

ಒಂದೆರಡು ವಾರದ ಮೇಲೆ ಅಧಿಕಾರಿ ನಮ್ಮ ದಡಕ್ಕೆ ಬಂದರು. ಮೊದಲ ಬಸ್ಸಿನಲ್ಲಿ, ಅಕ್ಕ ಪ್ರತಿ ಸೋಮವಾರ ಹಿಡಿಯುವ ದಾರಿಯಲ್ಲೇ, ಎಲ್ಲೂ ಆಟೋ ಹತ್ತದೆ ಬಂದರು. ಬಟ್ಟೆ ಒಗೆಯುವ ಕಾರ್ಖಾನೆಯ ಗೇಟಿನವರೆಗೆ ಹೋಗಿ, ಅಕ್ಕನ ಕೆಲಸಕ್ಕೆ ತೊಂದರೆಯಾದೀತೆಂದು ಒಳಗೆ ಕಾಲಿಡದೆ ವಾಪಸಾದರು. ಬಣ್ಣದಣ್ಣನ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ಕೂತು ಅವನ ಜೊತೆ ಬಹಳ ಹೊತ್ತು ಮಾತಾಡಿದರು. "ನಿಮ್ಮ ಸಲ ನಿಮ್ಮ ಅಧಿಕಾರಿ ಯಾರಿದ್ರು?" ಎಂದು ಅವರು ಕೇಳಿದ್ದನ್ನೂ, "ನೀವೇ ಸಾರ್" ಎಂದು ಅವನು ಹೇಳಿದ್ದನ್ನೂ ನಾನು ಕೇಳಿಸಿಕೊಂಡೆ. ಮುಂದಿನ ತಿಂಗಳಿನಿಂದ ನಮ್ಮ ದಡದ ಆರೋಗ್ಯ ಕೇಂದ್ರದ ಒಂದು ಕೋಣೆಯಲ್ಲಿ ಸೋಮವಾರ ಸಂಜೆ, ಕೆಲಸ ಬಿಟ್ಟ ಮೇಲೆ, ಹಾಜರಿ ತೆಗೆದುಕೊಳ್ಳುವ ಏರ್ಪಾಡಾಯಿತು. ಅದಕ್ಕಾಗಿ ಅವರು ಮೇಲಿನವರೊಡನೆ ಜಗಳವನ್ನೇ ಆಡಿದರಂತೆ. ಅಷ್ಟು ದಿನ ಹಾಜರಿ ತಪ್ಪಿಸಿಕೊಂಡು ಗೂಡುಗಳ ಸಂದಿಯಲ್ಲಿ ಮುಖ ಮರೆಸಿ ಓಡಾಡುತ್ತಿದ್ದ ಕೆಲವರು ಮೆಲ್ಲಗೆ ಬಂದು ಆ ಬೆಂಚಿನ ಮೇಲೆ ಕೂರತೊಡಗಿದರು.

ವರ್ಷ ತುಂಬಿದ ದಿನ ಇಬ್ಬರನ್ನೂ ನ್ಯಾಯಾಲಯಕ್ಕೆ ಕರೆದರು. ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ಒಂದೇ ಉಸಿರಿನಲ್ಲಿ ಓದಿದರು: "ಇಬ್ಬರೂ ಷರತ್ತುಗಳನ್ನು ಪಾಲಿಸಿದ್ದಾರೆ. ಬಿಡುಗಡೆ."

ಜಡೆ ತಟಕ್ಕನೆ ಎದ್ದು ನಿಂತು, "ಸ್ವಾಮಿ, ನಾನು ಪಾಲಿಸಿದ್ದೂ ಇವಳು ಪಾಲಿಸಿದ್ದೂ ಒಂದೇ ಅಲ್ಲ" ಎಂದಳು.

ಅಕ್ಕ ಅವಳ ಸೊಂಟಕ್ಕೆ ಚಿವುಟಿದಳು. ಕೊಳವೆಯ ಮಾತು ಬಾಯಿಗೆ ಬಂದರೆ ಎಲ್ಲಿ ಇನ್ನೊಂದು ಕೇಸಾಗುತ್ತದೋ ಎಂದು ನನ್ನ ಜೀವ ಹೊಡೆದುಕೊಂಡಿತು. ನ್ಯಾಯಾಧೀಶರು ಅಧಿಕಾರಿಯ ಕಡೆ ನೋಡಿದರು. "ಏನು ವ್ಯತ್ಯಾಸ?"

ಅಧಿಕಾರಿ ಎದ್ದರು. "ಇವರು ದೂರದಿಂದ ಬರ್ತಿದ್ರು ಸ್ವಾಮಿ" ಎಂದಷ್ಟೇ ಹೇಳಿ ಕೂತರು.

ಮನೆಗೆ ಬಂದ ಅಕ್ಕ ಕಾಲೂ ತೊಳೆಯದೆ ಮಲಗಿದಳು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು, ಅವಳು ಏಳಲಿಲ್ಲ. ಇನ್ನು ಅಡ್ಡಿಯೇನೂ ಇಲ್ಲವೆಂದು ಬಣ್ಣದಣ್ಣ ಹಾಸಿಗೆಯ ಸುರುಳಿ ಹೊತ್ತು ಮನೆಗೆ ಬಂದ. ಅಮ್ಮ ತುಟಿಗೆ ಬೆರಳಿಟ್ಟು ಅವನನ್ನು ಬಾಗಿಲಲ್ಲೇ ತಡೆದಳು. ಸುರುಳಿಯನ್ನು ಶಬ್ದವಾಗದಂತೆ ಇಳಿಸಿ ಅವನೂ ನಮ್ಮ ಜೊತೆ ಮೆಟ್ಟಿಲ ಮೇಲೆ ಕೂತ. ಒಳಗೆ ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಬೀದಿಯಲ್ಲಿ ಜೋರಾಗಿ ಮಾತಾಡಿಕೊಂಡು ಬಂದವರಿಗೆಲ್ಲ ಅಮ್ಮ ಕೈಸನ್ನೆ ಮಾಡಿ ಸುಮ್ಮನಿರಿಸುತ್ತಿದ್ದಳು. ಅವರೂ ಯಾಕೆಂದು ಕೇಳದೆ ಹೆಜ್ಜೆ ಮೆತ್ತಗೆ ಮಾಡಿಕೊಂಡು ದಾಟಿ ಹೋಗುತ್ತಿದ್ದರು.